ಆನ್‌ಲೈನ್‌ನಲ್ಲಿ ಮದುವೆಯಾದರೆ ಸಂಗಾತಿಯ ವೀಸಾಕ್ಕೆ ಅಷ್ಟು ಸಾಕೇ?

ನೀವು ಅಮೆರಿಕದಲ್ಲಿದ್ದೀರಿ, ನಿಶ್ಚಿತಾರ್ಥವಾದವರು ಭಾರತದಲ್ಲಿದ್ದಾರೆ. ಅಮೆರಿಕದ ಯೂಟಾ ರಾಜ್ಯದಲ್ಲಿರುವ ಯೂಟಾ ಕೌಂಟಿಯ (ಜಿಲ್ಲಾಡಳಿತದ) ಮೂಲಕ ವಿಡಿಯೊ ಕರೆಯಲ್ಲೇ ಮದುವೆಯಾಗಿ ಮರುದಿನವೇ ಸಂಗಾತಿಯ ಅರ್ಜಿ ಹಾಕಲು ಯಾವ ದಾಖಲೆಗಳು ಬೇಕೆಂದು ಕೇಳಿದ್ದೀರಿ. 2021ರಲ್ಲಿ ನನ್ನ ಮನಸ್ಸಿನಲ್ಲಿದ್ದದ್ದೂ ಇದೇ ಪ್ರಶ್ನೆ, ನಾನು ಮಾಡಿದ್ದೂ ಇದನ್ನೇ. ದಯವಿಟ್ಟು ನಿಮ್ಮ ಯೋಜನೆಯಿಂದ ಆ ‘ಮರುದಿನವೇ’ ಎಂಬ ಮಾತನ್ನು ಮೊದಲು ತೆಗೆದುಹಾಕಿ.

ನನ್ನ ಬಳಿ ಗ್ರೀನ್ ಕಾರ್ಡ್ ಇತ್ತು, ಪೌರತ್ವ ಇರಲಿಲ್ಲ. ಭಾವೀ ಸಂಗಾತಿಗೆಂದೇ ಇರುವ ಕೆ-1 ವೀಸಾಕ್ಕೆ ಅಮೆರಿಕದ ಪೌರರು ಮಾತ್ರ ಅರ್ಜಿ ಹಾಕಬಹುದು. ಆದ್ದರಿಂದ ನನಗೆ ಉಳಿದಿದ್ದ ದಾರಿ ಮದುವೆಯಾಗಿ, ಸಂಗಾತಿಯನ್ನು ಕರೆಸಿಕೊಳ್ಳಲು ಹಾಕುವ ಐ-130 ಎಂಬ ಅರ್ಜಿ ಸಲ್ಲಿಸುವುದೊಂದೇ. ನಮ್ಮ ನಿಶ್ಚಿತಾರ್ಥ 2019ರ ಕೊನೆಯಲ್ಲಿ ನಡೆದಿತ್ತು. ಆಮೇಲೆ ಕೋವಿಡ್ ಬಂದು ವಿಮಾನಗಳು ನಿಂತವು, ದೂತಾವಾಸದ ಸಂದರ್ಶನಗಳು ನಿಂತವು, ನಮ್ಮ ಮುಹೂರ್ತ ಎರಡು ಬಾರಿ ಮುಂದೆ ಹೋಯಿತು. ಯೂಟಾ ಕೌಂಟಿಯು 2020ರಿಂದ ಪರವಾನಗಿಯನ್ನೂ ಮದುವೆಯ ವಿಧಿಯನ್ನೂ ಆನ್‌ಲೈನ್‌ನಲ್ಲೇ ಮಾಡಿಕೊಡುತ್ತಿದೆ ಎಂದು ತಿಳಿದಾಗ, ಮುಚ್ಚಿದ್ದ ಬಾಗಿಲು ತೆರೆದಂತಾಯಿತು.

ಅಲ್ಲಿ ಕೇಳಿದ್ದು ಹೆಚ್ಚೇನಲ್ಲ. ಇಬ್ಬರ ಸರ್ಕಾರಿ ಗುರುತಿನ ದಾಖಲೆ, ಹಿಂದೆ ಮದುವೆಯಾಗಿದ್ದರೆ ಅದು ಕಾನೂನಿನಂತೆ ಕೊನೆಗೊಂಡಿರುವುದು, ವಿಧಿ ನಡೆಸಿಕೊಡುವ ಅಧಿಕಾರವುಳ್ಳ ಒಬ್ಬರು, 18 ತುಂಬಿದ ಇಬ್ಬರು ಸಾಕ್ಷಿಗಳು. ಪರವಾನಗಿ ಸಿಕ್ಕ 32 ದಿನಗಳೊಳಗೆ ಮದುವೆ ನಡೆಯಬೇಕು. ಯೂಟಾದ ನಿವಾಸಿಯಾಗಿರಬೇಕೆಂದಾಗಲಿ, ಅಮೆರಿಕದ ಪೌರರಾಗಿರಬೇಕೆಂದಾಗಲಿ ನಿಯಮವಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ: ನಮ್ಮ ಕಡೆಯವರ ಹೆಸರುಗಳಲ್ಲಿರುವ ಇನಿಷಿಯಲ್ ದೊಡ್ಡ ತೊಡಕು. ನನ್ನ ಸಂಗಾತಿಯ ಪಾಸ್‌ಪೋರ್ಟಿನಲ್ಲಿ ಅದು ತಂದೆಯ ಪೂರ್ಣ ಹೆಸರಾಗಿ ವಿಸ್ತರಿಸಿಕೊಂಡು ಉಪನಾಮದ ಜಾಗದಲ್ಲಿತ್ತು. ಪರವಾನಗಿಯಲ್ಲಿ ಅಕ್ಷರಕ್ಕೆ ಅಕ್ಷರ ಪಾಸ್‌ಪೋರ್ಟಿನಂತೆಯೇ ಬರೆಯಿರಿ.

ಮದುವೆಯ ಹೊತ್ತಿಗೆ ನನ್ನ ಕಡೆ ರಾತ್ರಿ ಒಂಬತ್ತು ಗಂಟೆ, ಅವರ ಕಡೆ ಬೆಳಗು. ಅವರು ‘ಒಪ್ಪಿದ್ದೇನೆ’ ಎನ್ನುವ ಕ್ಷಣದಲ್ಲೇ ತೆರೆಯ ಮೇಲಿನ ಚಿತ್ರ ಸ್ತಬ್ಧವಾಯಿತು. ವಿಧಿ ನಡೆಸುತ್ತಿದ್ದವರು ಕಾದು, ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿಸಿ, ಸಾಕ್ಷಿಗಳಿಗೂ ಕೇಳಿಸಿತೇ ಎಂದು ವಿಚಾರಿಸಿದರು. ಪ್ರಮಾಣಪತ್ರ ಬಂತು, ಅದಕ್ಕೆ ಅಪೊಸ್ಟಿಲ್ ಮುದ್ರೆಯನ್ನೂ (ದಾಖಲೆಯನ್ನು ಬೇರೆ ದೇಶದಲ್ಲಿ ಬಳಸಲು ಹಾಕಿಸುವ ದೃಢೀಕರಣ) ಮಾಡಿಸಿದೆ. ನಾಲ್ಕನೆಯ ದಿನ ಐ-130 ಸಲ್ಲಿಸಿದೆ.

ನನ್ನ ತಪ್ಪು ನಡೆದದ್ದು ಆ ನಾಲ್ಕನೆಯ ದಿನ. ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 101(ಎ)(35) ಎಂಬ ಉಪವಿಧಿಯನ್ನು ನಾನು ಓದಿರಲಿಲ್ಲ. ವಧೂವರರು ಒಬ್ಬರ ಎದುರಿಗೆ ಒಬ್ಬರು ಖುದ್ದಾಗಿ ಇಲ್ಲದೆ ನಡೆದ ವಿಧಿಯಿಂದ ಯಾರೂ ‘ಪತಿ’ ಅಥವಾ ‘ಪತ್ನಿ’ ಎನಿಸಿಕೊಳ್ಳುವುದಿಲ್ಲ, ಆ ಮದುವೆ ದಾಂಪತ್ಯದಿಂದ, ಅಂದರೆ ದೈಹಿಕ ಸಂಬಂಧದಿಂದ, ಪೂರ್ಣಗೊಂಡಿದ್ದರೆ ಮಾತ್ರ ಎನಿಸಿಕೊಳ್ಳುತ್ತಾರೆ ಎಂಬುದು ಅದರ ಸಾರ. ಅಂದರೆ ಯೂಟಾದ ಕಾನೂನಿನ ಪ್ರಕಾರ ನಾವು ಗಂಡ ಹೆಂಡತಿಯೇ. ವಲಸೆ ಕಾನೂನಿನ ಕಣ್ಣಿಗೆ ಇನ್ನೂ ಅಲ್ಲ. ಇದರಲ್ಲಿ ಎರಡು ಸೂಕ್ಷ್ಮಗಳಿವೆ, ಎರಡರಲ್ಲೂ ನಾನು ಎಡವಿದೆ. ಮೊದಲನೆಯದು, ಹಾಗೆ ಪೂರ್ಣಗೊಳ್ಳಲು ಇಬ್ಬರೂ ಖುದ್ದಾಗಿ ಭೇಟಿಯಾಗಬೇಕು, ಆ ಭೇಟಿ ವಿಧಿ ಮುಗಿದ ಮೇಲಿನದಾಗಿರಬೇಕು. ನಾನು ನಿಶ್ಚಿತಾರ್ಥದ ಫೋಟೊಗಳನ್ನೂ, 2019ರ ಪ್ರಯಾಣದ ಟಿಕೆಟುಗಳನ್ನೂ, ಎರಡು ಮನೆಯವರು ಒಟ್ಟಿಗೆ ನಿಂತ ಚಿತ್ರಗಳನ್ನೂ ಜೋಡಿಸಿ ದಪ್ಪನೆಯ ಕಡತವನ್ನೇ ಕಳುಹಿಸಿದ್ದೆ. ನಮ್ಮ ಸಂಬಂಧ ನಿಜವಾದದ್ದು ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು. ಕಾನೂನು ಕೇಳಿದ ಪ್ರಶ್ನೆಗೆ ಅದರಲ್ಲಿ ಒಂದು ಹಾಳೆಯಷ್ಟೂ ಉತ್ತರವಿರಲಿಲ್ಲ.

ಎರಡನೆಯದು ಇನ್ನೂ ದುಬಾರಿಯಾಯಿತು. ಹೆಚ್ಚಿನ ಪುರಾವೆ ಕೇಳಿ ಅಮೆರಿಕದ ವಲಸೆ ಇಲಾಖೆಯಿಂದ ಪತ್ರ ಬಂದಾಗ ನಾನು ರಜೆ ಹಾಕಿ ಭಾರತಕ್ಕೆ ಹೋದೆ, ಮೂರು ವಾರ ಜೊತೆಗಿದ್ದೆವು, ಎಲ್ಲ ದಾಖಲೆಗಳನ್ನೂ ಕಳುಹಿಸಿದೆ. ಆದರೂ ಅರ್ಜಿ ತಿರಸ್ಕೃತವಾಯಿತು. ಅರ್ಹತೆ ಎಂಬುದು ಅರ್ಜಿ ಸಲ್ಲಿಸಿದ ದಿನವೇ ಇರಬೇಕು, ಆಮೇಲೆ ಸಂಪಾದಿಸಿಕೊಂಡದ್ದು ಹಿಂದಿನ ದಿನಾಂಕಕ್ಕೆ ಅನ್ವಯಿಸುವುದಿಲ್ಲ. ನಾನು ಅರ್ಜಿ ಹಾಕಿದ ದಿನ ನಾವು ಆ ಕಾಯ್ದೆಯ ಅರ್ಥದಲ್ಲಿ ದಂಪತಿಗಳಾಗಿರಲಿಲ್ಲ, ಅಷ್ಟೇ. ಕಟ್ಟಿದ ಶುಲ್ಕ ಹೋಯಿತು. ಅದಕ್ಕಿಂತ ಹೆಚ್ಚಾಗಿ ಸರದಿ ಹೋಯಿತು. ಗ್ರೀನ್ ಕಾರ್ಡ್ ಉಳ್ಳವರ ಸಂಗಾತಿಗಳಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇರುವುದರಿಂದ ಅರ್ಜಿಯ ದಿನಾಂಕವೇ ಸರದಿಯ ಚೀಟಿ. ನಾನು ಮೊದಲೇ ಹೋಗಿ ಆ ಮೂರು ವಾರ ಜೊತೆಗಿದ್ದು ಬಂದು, ಆಮೇಲೆ ಅರ್ಜಿ ಹಾಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹೊಸ ದಿನಾಂಕ ಸಿಗುವ ಹೊತ್ತಿಗೆ ಹದಿನಾಲ್ಕು ತಿಂಗಳು ಕಳೆದಿದ್ದವು. ಆ ತಿರಸ್ಕಾರದ ಪತ್ರವನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿದ ಸಂಜೆ ನನಗೆ ಇಂದಿಗೂ ಮರೆತಿಲ್ಲ.

ಆದ್ದರಿಂದ, ಆನ್‌ಲೈನ್ ಮದುವೆಗೆ ಏನೇನು ಬೇಕು ಎಂಬುದು ನೀವು ಕೇಳಬೇಕಾದ ಪ್ರಶ್ನೆಯೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಪ್ರಮಾಣಪತ್ರವನ್ನು ಯಾವ ದೇಶದ ಯಾವ ಕಚೇರಿಯ ಮುಂದೆ ಇಡುತ್ತೀರಿ ಎಂಬುದನ್ನು ಮೊದಲು ಕೇಳಿಕೊಳ್ಳಿ. ಇದೇ ಯೂಟಾ ಮದುವೆಯನ್ನು ನೋಂದಾಯಿಸಿಕೊಳ್ಳಬೇಕೆಂದು ಇಸ್ರೇಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಜರ್ಮನಿಯಲ್ಲಿ ಕುಳಿತು ವಿಡಿಯೊ ಮೂಲಕ ಒಪ್ಪಿಗೆ ಹೇಳಿದ ಜೋಡಿಯೊಂದರ ಯೂಟಾ ಮದುವೆ ಅಲ್ಲಿ ಊರ್ಜಿತವಲ್ಲವೆಂದು ಆ ದೇಶದ ಅತ್ಯುನ್ನತ ಸಿವಿಲ್ ನ್ಯಾಯಾಲಯ 2024ರಲ್ಲಿ ತೀರ್ಮಾನಿಸಿತು. ಒಪ್ಪಿಗೆ ಹೇಳಿದ ನೆಲದ ವಿಧಿವಿಧಾನವನ್ನೇ ಪಾಲಿಸಬೇಕಿತ್ತು ಎಂಬುದು ಅದಕ್ಕೆ ಕಾರಣ. ಅಪೊಸ್ಟಿಲ್ ಇದ್ದರೆ ಎಲ್ಲೆಡೆ ನಡೆಯುತ್ತದೆ ಎಂದು ನಾನೂ ನಂಬಿದ್ದೆ. ಆ ಮುದ್ರೆ ದೃಢೀಕರಿಸುವುದು ದಾಖಲೆಯ ಮೇಲಿನ ಸಹಿ ಮತ್ತು ಮೊಹರನ್ನು ಮಾತ್ರ, ಮದುವೆಯ ಸಿಂಧುತ್ವವನ್ನಲ್ಲ.

ಭಾರತದ ಮಾತು ಬೇರೆ. ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರೋಕ್ತ ವಿಧಿ ನಡೆಯದೆ ಬರೀ ಪ್ರಮಾಣಪತ್ರ ಪಡೆದರೆ ಅದು ಮದುವೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಧಾರ್ಮಿಕ ವಿಧಿಯಿಲ್ಲದೆ ಅಧಿಕಾರಿಯ ಮುಂದೆ ಮದುವೆಯಾಗಲು ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯಡಿ, ಒಬ್ಬರು ವಿದೇಶದಲ್ಲಿದ್ದಾಗ ವಿಡಿಯೊ ಮೂಲಕ ಮದುವೆ ನಡೆಸಲು ಮದ್ರಾಸ್ ಹೈಕೋರ್ಟ್ 2022ರಲ್ಲಿ ಅನುಮತಿ ನೀಡಿತ್ತು. ಆದರೆ ಅದಕ್ಕಾಗಿ ಆ ಜೋಡಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಆಗಿರುವುದು ಈಗಾಗಲೇ ನಡೆದ ಮದುವೆಯ ನೋಂದಣಿ. ಅದನ್ನೇ ಆನ್‌ಲೈನ್ ಮದುವೆ ಎಂದು ತಿಳಿದವರು ಬಹಳ ಜನ.

ನಿಮಗೆ ನನ್ನ ಸಲಹೆ ಇಷ್ಟೇ. ವಿಡಿಯೊ ಮದುವೆಯಾದರೂ ಅರ್ಜಿಗೆ ಮುನ್ನ ನೀವು ಭೇಟಿಯಾಗಲೇಬೇಕು. ವಿಮಾನದ ಟಿಕೆಟ್ ತಪ್ಪುವುದಿಲ್ಲವೆಂದ ಮೇಲೆ ಅಲ್ಲೇ ಹೋಗಿ, ಎದುರುಬದುರು ನಿಂತು ಮದುವೆಯಾಗಿ. ವಿಶೇಷ ವಿವಾಹ ಕಾಯ್ದೆಯನ್ನು ಆರಿಸಿಕೊಂಡರೆ ನಿಮ್ಮಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದರೆ ಸಾಕು, ಭಾರತದಲ್ಲಿರುವವರಿಂದ ಅದು ಪೂರೈಸುತ್ತದೆ. ನೋಟಿಸ್ ಪ್ರಕಟವಾದ 30 ದಿನಗಳ ನಂತರ, ನೋಟಿಸ್ ಕೊಟ್ಟ ಮೂರು ತಿಂಗಳ ಒಳಗೆ, ಮೂವರು ಸಾಕ್ಷಿಗಳೊಂದಿಗೆ ಮದುವೆ ನಡೆಯುವಂತೆ ರಜೆಯನ್ನು ಹೊಂದಿಸಿಕೊಳ್ಳಿ. ಹೀಗಾದರೆ 101(ಎ)(35)ರ ಮಾತೇ ಬರುವುದಿಲ್ಲ.

ಈಗಾಗಲೇ ಆನ್‌ಲೈನ್‌ನಲ್ಲಿ ಆಗಿಬಿಟ್ಟಿದ್ದರೆ ಗಾಬರಿಯಾಗಬೇಡಿ, ಅರ್ಜಿಯನ್ನು ಮಾತ್ರ ತಡೆಹಿಡಿಯಿರಿ. ಹೋಗಿ ಜೊತೆಗಿದ್ದು ಬನ್ನಿ, ಆಮೇಲೆ ಸಲ್ಲಿಸಿ. ಖಾಸಗಿ ಬದುಕಿನ ವಿವರಗಳನ್ನು ನನ್ನಿಂದ ಯಾರೂ ಕೇಳಲಿಲ್ಲ. ನನ್ನ ಎರಡನೆಯ ಅರ್ಜಿಯಲ್ಲಿ ಇದ್ದದ್ದು ನನ್ನ ಪಾಸ್‌ಪೋರ್ಟಿನ ಪ್ರವೇಶ ಮತ್ತು ನಿರ್ಗಮನದ ಮೊಹರುಗಳು, ಎರಡು ಬೋರ್ಡಿಂಗ್ ಪಾಸ್, ಇಬ್ಬರ ಹೆಸರಿನಲ್ಲಿದ್ದ ಹೋಟೆಲ್ ರಸೀದಿ, ಮತ್ತು ಮದುವೆಯ ನಂತರ ಯಾವ ದಿನದಿಂದ ಯಾವ ದಿನದವರೆಗೆ ಪತಿಪತ್ನಿಯರಾಗಿ ಒಟ್ಟಿಗಿದ್ದೆವು ಎಂದು ಇಬ್ಬರೂ ಸಹಿ ಮಾಡಿದ ಒಂದು ಪುಟದ ಹೇಳಿಕೆ. ಮೊದಲ ಕಡತದ ಕಾಲು ಭಾಗದಷ್ಟೂ ದಪ್ಪವಿರದ ಆ ಅರ್ಜಿ ಮಂಜೂರಾಯಿತು.