ಮುಖ್ಯ ಕಥೆ ಮುಗಿದ ಮೇಲೂ ಆರ್‌ಪಿಜಿ ಆಡಲು ಬಿಡಬೇಕೇ?

ನೀವು ಕೇಳಿದ್ದು ಇಷ್ಟು: ಫಾಲ್‌ಔಟ್: ನ್ಯೂ ವೇಗಸ್ ಎಂಬ ಆರ್‌ಪಿಜಿಯಲ್ಲಿ (ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ವಿಡಿಯೊ ಗೇಮ್) ಕೊನೆಯದಾದ ಹೂವರ್ ಡ್ಯಾಮ್ ಯುದ್ಧ ಗೆದ್ದಿರಿ, ಮುಂದೆ ಯಾರಿಗೆ ಏನಾಯಿತೆಂದು ಹೇಳುವ ಸ್ಲೈಡ್‌ಗಳು ಬಂದವು, ಆಟ ಅಲ್ಲಿಗೇ ಮುಗಿಯಿತು. ಗೆದ್ದ ಊರಲ್ಲಿ ಒಂದು ಸುತ್ತು ಓಡಾಡಲೂ ಬಿಡಲಿಲ್ಲ. ಸ್ಕೈರಿಮ್ ಬಿಡುತ್ತದೆ, ಇದು ಯಾಕೆ ಬಿಡುವುದಿಲ್ಲ, ಎಲ್ಲ ಆರ್‌ಪಿಜಿಗಳೂ ಬಿಡಬೇಕಲ್ಲವೇ, ಇದು ತಯಾರಕರ ಸೋಮಾರಿತನವೇ?

ಸೋಮಾರಿತನವಲ್ಲ. ಎಲ್ಲ ಆಟಗಳೂ ಬಿಡಬೇಕೆಂದೂ ನನಗೆ ಅನ್ನಿಸುವುದಿಲ್ಲ. ಎಂಡಿಂಗ್ ಆ ಲೋಕವನ್ನು ಎಷ್ಟು ಬದಲಿಸುತ್ತದೆ ಎನ್ನುವುದರ ಮೇಲೆ ಇದು ತೀರ್ಮಾನವಾಗಬೇಕು. ಆಡಲು ಬಿಟ್ಟರೆ, ನೀವು ಮಾಡಿದ್ದು ಊರಲ್ಲಿ, ಜನರ ಮಾತಲ್ಲಿ, ರಸ್ತೆಯಲ್ಲಿ ಕಾಣಬೇಕು. ಅದನ್ನು ತೋರಿಸಲು ಆಗದಿದ್ದರೆ ಕಥೆಯನ್ನು ಅಲ್ಲೇ ಮುಗಿಸುವುದು ಒಳ್ಳೆಯದು, ಆದರೆ ಬಾಗಿಲು ಮುಚ್ಚುವ ಮುಂಚೆ ಆಟಗಾರನಿಗೆ ಸ್ಪಷ್ಟವಾಗಿ ಹೇಳಬೇಕು. (ಮುಂದೆ ಹಲವು ಆಟಗಳ ಎಂಡಿಂಗ್‌ಗಳನ್ನು ಬಿಚ್ಚಿ ಹೇಳುತ್ತೇನೆ. ಆಡದೇ ಇರುವವುಗಳ ಹೆಸರು ಬಂದರೆ ಆ ಪ್ಯಾರಾ ಬಿಟ್ಟು ಮುಂದೆ ಹೋಗಿ.)

ನ್ಯೂ ವೇಗಸ್‌ನಿಂದಲೇ ಶುರು ಮಾಡೋಣ. 2010ರಲ್ಲಿ ಬಂದ ಈ ಆಟವನ್ನು ಅಬ್ಸಿಡಿಯನ್ ಎಂಬ ಕಂಪನಿ ಸುಮಾರು 18 ತಿಂಗಳಲ್ಲಿ ಮಾಡಿ ಮುಗಿಸಿತು. ಡ್ಯಾಮ್ ಕೊನೆಗೆ ನಾಲ್ವರಲ್ಲಿ ಒಬ್ಬರ ಕೈ ಸೇರುತ್ತದೆ: ಎನ್‌ಸಿಆರ್ ಎಂಬ ಗಣರಾಜ್ಯ, ಸೀಸರನ ಲೀಜನ್ ಎಂಬ ಸೈನ್ಯ, ವೇಗಸ್‌ನ ಒಡೆಯ ಮಿಸ್ಟರ್ ಹೌಸ್, ಇಲ್ಲವೇ ಯೆಸ್ ಮ್ಯಾನ್ ಎಂಬ ರೋಬೋಟ್ ಜೊತೆ ಸೇರಿದ ನೀವೇ. ಈಗ ಪ್ರಿಮ್ ಎಂಬ ಪುಟ್ಟ ಊರನ್ನು ಮಾತ್ರ ನೋಡಿ. ಅಲ್ಲಿನ ಶೆರಿಫ್ ಸತ್ತಿರುತ್ತಾನೆ, ಹೊಸಬನನ್ನು ನೀವು ಹುಡುಕಿಕೊಡಬೇಕು. ಜೈಲಿನಲ್ಲಿರುವ ಹಳೆಯ ಶೆರಿಫ್ ಮೇಯರ್ಸ್‌ನನ್ನು ಕರೆತರಬಹುದು, ಕ್ಯಾಸಿನೊದಲ್ಲಿರುವ ಪ್ರಿಮ್ ಸ್ಲಿಮ್ ಎಂಬ ರೋಬೋಟ್‌ಗೆ ಆ ಕೆಲಸ ಕೊಡಬಹುದು, ಎನ್‌ಸಿಆರ್ ಸೈನಿಕರ ಸುಪರ್ದಿಗೆ ಊರನ್ನೇ ಒಪ್ಪಿಸಬಹುದು. ಯಾರನ್ನೂ ನೇಮಿಸದೆ ಹೋಗಿಬಿಡಲೂಬಹುದು. ನಾಲ್ಕು ಸ್ಥಿತಿ, ನಾಲ್ಕು ವಿಜೇತರು. ಲೆಕ್ಕಕ್ಕೆ 16 ಪ್ರಿಮ್‌ಗಳು. ಇವುಗಳಲ್ಲಿ ಕೆಲವು ಒಂದೇ ಥರ ಇದ್ದರೂ ಹತ್ತಾದರೂ ಬೇರೆ ಬೇರೆಯಾಗಿ ಉಳಿಯುತ್ತವೆ. ಇದೇ ಲೆಕ್ಕವನ್ನು ಗುಡ್‌ಸ್ಪ್ರಿಂಗ್ಸ್, ನೊವ್ಯಾಕ್, ಫ್ರೀಸೈಡ್, ಜೇಕಬ್ಸ್‌ಟೌನ್, ಬೂಮರ್ಸ್, ಗ್ರೇಟ್ ಖಾನ್ಸ್, ಬ್ರದರ್‌ಹುಡ್ ಎಂಬ ಊರು, ಗುಂಪುಗಳಿಗೆಲ್ಲ ಹಾಕಿ. ಮೇಲೆ ಎಂಟು ಜನ ಸಂಗಾತಿಗಳಿದ್ದಾರೆ, ಅವರಿಗೂ ಅವರವರದೇ ಎಂಡಿಂಗ್.

ಸ್ಲೈಡ್ ಆದರೆ ಒಂದು ಚಿತ್ರ, ಎರಡು ಸಾಲು ಧ್ವನಿ. ಅದೇ ಸಂಗತಿಯನ್ನು ಆಡುವ ಲೋಕದಲ್ಲಿ ತೋರಿಸಬೇಕೆಂದರೆ? ಲೀಜನ್ ಗೆದ್ದಿತು ಎಂದಿಟ್ಟುಕೊಳ್ಳಿ. ಎನ್‌ಸಿಆರ್ ನೆಲೆಯಾದ ಕ್ಯಾಂಪ್ ಮೆಕ್ಯಾರನ್ ಖಾಲಿಯಾಗಬೇಕು, ಮೊಹಾವಿ ಔಟ್‌ಪೋಸ್ಟ್‌ನಲ್ಲಿ ನಿಂತ ಸೈನಿಕರೆಲ್ಲ ಹೋಗಬೇಕು, ಅವರ ಹತ್ತಿರ ಇದ್ದ ಕ್ವೆಸ್ಟ್‌ಗಳು (ಆಟಗಾರನಿಗೆ ಒಪ್ಪಿಸುವ ಕೆಲಸಗಳು) ಮುಚ್ಚಬೇಕು, ಅಲ್ಲಿನ ವ್ಯಾಪಾರಿಗಳ ಸರಕು ಬೇರೆ ಕಡೆ ಸಿಗಬೇಕು, ಸ್ಟ್ರಿಪ್ ಎಂಬ ಕ್ಯಾಸಿನೊ ಬೀದಿಯಲ್ಲಿ ಹೊಸ ಕಾವಲು ಬರಬೇಕು, ಬೀದಿಯಲ್ಲಿ ಹೋಗುವವರ ಬಾಯಲ್ಲಿ ಹೊಸ ಮಾತು ರೆಕಾರ್ಡ್ ಆಗಬೇಕು. ಎನ್‌ಸಿಆರ್ ಗೆದ್ದರೆ ಇದೆಲ್ಲ ತಿರುಗುಮುರುಗು: ಲೀಜನ್‌ನ ನೆಲೆಗಳಾದ ಕಾಟನ್‌ವುಡ್ ಕೋವ್, ನೆಲ್ಸನ್, ದಿ ಫೋರ್ಟ್ ಮೂರೂ ಖಾಲಿ. ಅಂದರೆ ಒಂದು ನಕ್ಷೆಯ ಕೆಲಸ ನಾಲ್ಕು ನಕ್ಷೆಯಷ್ಟಾಗುತ್ತದೆ, ಒಬ್ಬ ಆಟಗಾರ ನೋಡುವುದು ಮಾತ್ರ ಅದರಲ್ಲಿ ಒಂದನ್ನೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಷ್ಟು ಶ್ರಮವನ್ನು ಕಥೆಯ ಮಧ್ಯದ ಆಯ್ಕೆಗಳಿಗೆ ಹಾಕಿದ್ದರಿಂದಲೇ ಆ ಆಟವನ್ನು ಜನ ಇವತ್ತಿಗೂ ಎರಡನೆಯ, ಮೂರನೆಯ ಸಲ ಆಡುತ್ತಿದ್ದಾರೆ.

ಇದರ ಪಕ್ಕದಲ್ಲಿ 2008ರ ಫಾಲ್‌ಔಟ್ 3 ಇಟ್ಟು ನೋಡಿ. ಕೊನೆಯ ದೃಶ್ಯದಲ್ಲಿ ಜೆಫರ್ಸನ್ ಸ್ಮಾರಕದೊಳಗೆ ನೀರು ಶುದ್ಧ ಮಾಡುವ ಯಂತ್ರ, ಅದನ್ನು ಚಾಲೂ ಮಾಡುವ ಕೋಣೆ ತುಂಬ ವಿಕಿರಣ. ಒಳಗೆ ಹೋಗಿ 2-1-6 ಒತ್ತಿದವರು ಬದುಕುವುದಿಲ್ಲ. ಪಕ್ಕದಲ್ಲೇ ಫಾಕ್ಸ್ ಎಂಬ ಸೂಪರ್ ಮ್ಯೂಟೆಂಟ್ ನಿಂತಿರಬಹುದು, ವಿಕಿರಣ ಅವನಿಗೆ ತಟ್ಟುವುದೇ ಇಲ್ಲ. ಹಿಂದೊಮ್ಮೆ ಅಂಥದೇ ವಿಕಿರಣದೊಳಗೆ ನಡೆದುಹೋಗಿ ನಿಮಗಾಗಿ ಒಂದು ವಸ್ತು ತಂದುಕೊಟ್ಟವನು ಅವನೇ. ಈ ಸಲ ಕೇಳಿದರೆ, ಇದು ನಿನ್ನ ವಿಧಿ ಎಂದು ನಿರಾಕರಿಸುತ್ತಾನೆ. ಆಟಗಾರರು ಸಿಟ್ಟಾಗಿದ್ದು ಆಟ ಮುಗಿದಿದ್ದಕ್ಕೆ ಮಾತ್ರ ಅಲ್ಲ, ಈ ಸುಳ್ಳು ಸಾವಿಗೆ. 2009ರಲ್ಲಿ ಬಂದ ಬ್ರೋಕನ್ ಸ್ಟೀಲ್ ಡಿಎಲ್‌ಸಿ (ಆಟಕ್ಕೆ ನಂತರ ಸೇರಿಸುವ ಹೆಚ್ಚುವರಿ ಭಾಗ) ಇದನ್ನು ಸರಿಮಾಡಿತು: ಫಾಕ್ಸ್‌ನನ್ನು ಕಳಿಸಬಹುದು, ನೀವೇ ಹೋದರೂ ಎರಡು ವಾರದ ನಂತರ ಎಚ್ಚರವಾಗುತ್ತದೆ, ಲೆವೆಲ್ ಮಿತಿ 20ರಿಂದ 30ಕ್ಕೆ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಕ್ವಾ ಪ್ಯೂರಾ ಎಂಬ ಶುದ್ಧ ನೀರಿನ ಬಾಟಲಿಗಳು ಊರೂರಿಗೆ ಹೋಗುತ್ತಿರುವುದು ಕಾಣುತ್ತದೆ, ಅದನ್ನು ಹಂಚುವುದರಲ್ಲಿ ಆಗುವ ಗೋಳುಗಳೇ ಹೊಸ ಕ್ವೆಸ್ಟ್‌ಗಳು. ಕಥೆಯ ನಂತರದ ಆಟ ಅಂದರೆ ನನ್ನ ಮಟ್ಟಿಗೆ ಇದು. ಅಲ್ಲಿ ಸಾಧ್ಯವಾಗಿದ್ದು ಯಾಕೆಂದರೆ ಬದಲಾಗಬೇಕಿದ್ದದ್ದು ಮುಖ್ಯವಾಗಿ ಒಂದೇ ಸಂಗತಿ, ನೀರು. ನಾಲ್ಕು ಸರ್ಕಾರಗಳಲ್ಲ.

ಸ್ಕೈರಿಮ್ (2011) ಬಿಡುತ್ತದೆ ನಿಜ. ಏನನ್ನು ಬಿಟ್ಟುಕೊಟ್ಟು ಬಿಡುತ್ತದೆ ನೋಡಿ. ಸತ್ತ ವೀರರ ಲೋಕವಾದ ಸೊವ್ನ್‌ಗಾರ್ಡ್‌ನಲ್ಲಿ ಡ್ರ್ಯಾಗನ್‌ಗಳ ನಾಯಕ ಆಲ್ಡುಯಿನ್‌ನನ್ನು ಕೊಂದು ಬಂದ ಮೇಲೂ ಡ್ರ್ಯಾಗನ್‌ಗಳು ಹಳ್ಳಿಗಳ ಮೇಲೆ ಎರಗುತ್ತಲೇ ಇರುತ್ತವೆ. ಕಾರಣ ಆಟದ ರಚನೆಯಲ್ಲೇ ಇದೆ: ಶೌಟ್ ಎಂಬ ಮಾಂತ್ರಿಕ ಕೂಗುಗಳ ಒಂದೊಂದು ಪದ ತೆರೆಯಲೂ ಒಂದು ಡ್ರ್ಯಾಗನ್ ಆತ್ಮ ಬೇಕು. ಡ್ರ್ಯಾಗನ್‌ಗಳನ್ನು ನಿಲ್ಲಿಸಿದರೆ ಕಥೆ ಬೇಗ ಮುಗಿಸಿದವರಿಗೆ ಆತ್ಮಗಳೇ ಸಿಗುವುದಿಲ್ಲ. ಹಾಗಾಗಿ ಜಗತ್ತನ್ನು ಉಳಿಸಿದ್ದು ಇದ್ದೂ ಇಲ್ಲದಂತಾಗುತ್ತದೆ. ಅದೇ ಕಂಪನಿಯ ಆಬ್ಲಿವಿಯನ್ (2006) ಇದಕ್ಕೆ ಉಲ್ಟಾ ನಡೆಯಿತು. ಮುಖ್ಯ ಕಥೆ ಮುಗಿದರೆ ರಾಕ್ಷಸರು ಬರುವ ಆಬ್ಲಿವಿಯನ್ ದ್ವಾರಗಳೆಲ್ಲ ಮುಚ್ಚುತ್ತವೆ. ಕಥೆಗೆ ಸರಿಯಾಗಿದೆ, ಆದರೆ ಆಯುಧಗಳಿಗೆ ಮಂತ್ರಶಕ್ತಿ ತುಂಬುವ ಸಿಗಿಲ್ ಸ್ಟೋನ್ ಸಿಗುವುದು ಆ ದ್ವಾರಗಳೊಳಗೆ ಮಾತ್ರ, ಅತ್ಯುತ್ತಮ ದರ್ಜೆಯವು 17ನೇ ಲೆವೆಲ್ ಮುಟ್ಟಿದವರಿಗೆ ಮಾತ್ರ. ಹತ್ತನೇ ಲೆವೆಲ್‌ನಲ್ಲೇ ಕಥೆ ಮುಗಿಸಿದವರು ಅವನ್ನು ಶಾಶ್ವತವಾಗಿ ಕಳೆದುಕೊಂಡರು. ಆಟ ಮುಂದುವರಿಯುತ್ತದೆ ಎಂದಾಕ್ಷಣ ಏನೂ ತಪ್ಪಿಹೋಗುವುದಿಲ್ಲ ಎಂದು ತಿಳಿಯಬೇಡಿ.

ಇವೆರಡಕ್ಕಿಂತ ನನಗೆ ಮೆಚ್ಚುಗೆಯಾದದ್ದು ಡ್ರ್ಯಾಗನ್ಸ್ ಡಾಗ್ಮಾ (2012). ಡ್ರ್ಯಾಗನ್ ಸತ್ತ ಮೇಲೆ ಆಕಾಶ ಕಪ್ಪಾಗುತ್ತದೆ, ರಾಜಧಾನಿ ಗ್ರ್ಯಾನ್ ಸೊರೆನ್‌ನ ನಡುವೆ ನೆಲ ಕುಸಿದು ಎವರ್‌ಫಾಲ್ ಎಂಬ ಪಾತಾಳ ಬಾಯಿ ತೆರೆಯುತ್ತದೆ, ಓಡಾಡಿ ಪಳಗಿದ ರಸ್ತೆಗಳಲ್ಲೇ ಮೊದಲಿಗಿಂತ ಭೀಕರ ಪ್ರಾಣಿಗಳು. ನಿಜವಾದ ಕೊನೆಗೆ 20 ವೇಕ್‌ಸ್ಟೋನ್ ಎಂಬ ಕಲ್ಲುಗಳನ್ನು ಕೂಡಿಸಬೇಕು. ನಕ್ಷೆ ಹಳೆಯದೇ, ಖರ್ಚು ಕಡಿಮೆ, ಆದರೆ ಗೆಲುವಿನ ಪರಿಣಾಮ ಕಾಲಿಟ್ಟಲ್ಲೆಲ್ಲ ಕಾಣುತ್ತದೆ. ಪೊಕೆಮಾನ್ ಗೋಲ್ಡ್ ಮತ್ತು ಸಿಲ್ವರ್ (1999) ಕೂಡ ಕೊನೆಯ ಎದುರಾಳಿಗಳಾದ ಎಲೀಟ್ ಫೋರ್ ತಂಡವನ್ನು ಸೋಲಿಸಿದ ಮೇಲೆ ಹಿಂದಿನ ಆಟದ ಕ್ಯಾಂಟೊ ಪ್ರದೇಶವನ್ನೇ, ಇನ್ನೂ ಎಂಟು ಬ್ಯಾಡ್ಜ್ ಸಮೇತ, ಎದುರಿಗಿಟ್ಟಿತು.

ಹಿಂದಕ್ಕೆ ಕರೆದೊಯ್ಯುವ ಆಟಗಳದ್ದು ಇನ್ನೊಂದು ದಾರಿ. ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಖಳನಾಯಕ ಗ್ಯಾನನ್ ಸೋತ ಮೇಲೆ ಸೇವ್‌ಗೆ (ಉಳಿಸಿಟ್ಟ ಆಟಕ್ಕೆ) ನಕ್ಷತ್ರದ ಗುರುತು ಬೀಳುತ್ತದೆ, ನಕ್ಷೆಯಲ್ಲಿ ಶೇಕಡಾವಾರು ಲೆಕ್ಕ ಕಾಣಿಸಿಕೊಳ್ಳುತ್ತದೆ, ನೀವು ಮಾತ್ರ ಯುದ್ಧಕ್ಕೆ ಮುಂಚಿನ ಹೊತ್ತಿಗೇ ವಾಪಸ್. ಸೈಬರ್‌ಪಂಕ್ 2077, ಮಾಸ್ ಎಫೆಕ್ಟ್ 3 ಮಾಡುವುದೂ ಇದನ್ನೇ. ನಾಯಕ ಸಾಯುವ, ಇಲ್ಲವೇ ಊರು ಬಿಟ್ಟು ಹೋಗುವ ಕಥೆಗಳಿಗೆ ಇದಕ್ಕಿಂತ ಪ್ರಾಮಾಣಿಕ ಉಪಾಯ ನನಗೆ ಗೊತ್ತಿಲ್ಲ. ಬಾಲ್ಡರ್ಸ್ ಗೇಟ್ 3 ಹಿಂದಕ್ಕೂ ಒಯ್ಯುವುದಿಲ್ಲ, ಮುಂದಕ್ಕೂ ಬಿಡುವುದಿಲ್ಲ. ಆದರೆ 2023ರ ನವೆಂಬರ್‌ನ 5ನೇ ಪ್ಯಾಚ್‌ನಲ್ಲಿ (ಆಟದ ಪರಿಷ್ಕರಣೆಯಲ್ಲಿ) ಆರು ತಿಂಗಳ ನಂತರದ ಒಂದು ರಾತ್ರಿಯ ಕೂಟ ಸೇರಿಸಿದರು. ಸಂಗಾತಿಗಳು ಬಂದು ತಮ್ಮ ಪಾಡು ಹೇಳುತ್ತಾರೆ, ನೀವು ನೆರವಾದವರಿಂದ ಪತ್ರಗಳು ಬಂದಿರುತ್ತವೆ. ಇಡೀ ಲೋಕ ಬೇಡ, ಒಂದು ಶಿಬಿರ ಸಾಕು ಎನ್ನುವ ಲೆಕ್ಕ. ಕಡಿಮೆ ಬಜೆಟ್‌ನಲ್ಲಿ ಆರ್‌ಪಿಜಿ ಮಾಡುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲು ಇದನ್ನೇ ಯೋಚಿಸಿ.

ಈಗ ಆಡುವವರಿಗೆ ಬೇಕಾದ ಮಾತು. ಆಟ ಕೊನೆಯ ಎಚ್ಚರಿಕೆ ತೋರಿಸಿದ ಕೂಡಲೇ ಕೈಯಾರೆ ಒಂದು ಹೊಸ ಸೇವ್ ಮಾಡಿ. ಆಟೊಸೇವ್ ನಂಬಬೇಡಿ: ಬಹಳ ಆಟಗಳಲ್ಲಿ ಅದಕ್ಕೆ ಕೆಲವೇ ಸ್ಲಾಟ್ ಇರುತ್ತವೆ, ಕೊನೆಯ ಯುದ್ಧದಲ್ಲಿ ಒಂದೊಂದು ಬಾಗಿಲು ದಾಟಿದಾಗಲೂ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ, ಕ್ವಿಕ್‌ಸೇವ್‌ದೂ ಇದೇ ಕಥೆ. ನ್ಯೂ ವೇಗಸ್‌ನಲ್ಲಿ ಯುದ್ಧಕ್ಕೆ ಮುಂಚಿನ ಸೇವ್ ನಿಮ್ಮ ಹತ್ತಿರ ಉಳಿದಿದ್ದರೆ ಏನೂ ಕೆಟ್ಟಿಲ್ಲ. ಪಿಸಿಯಲ್ಲಿ ಡಾಕ್ಯುಮೆಂಟ್ಸ್, ಮೈ ಗೇಮ್ಸ್, ಫಾಲ್‌ಔಟ್‌ಎನ್‌ವಿ, ಸೇವ್ಸ್ ಎಂಬ ಫೋಲ್ಡರ್‌ನಲ್ಲಿ ಅದರ ಫೈಲ್ ಇರುತ್ತದೆ, ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಯುದ್ಧದ ನಂತರವೂ ಆಡಲು ಬಿಡುವ ಮೋಡ್‌ಗಳು (ಅಭಿಮಾನಿಗಳು ಮಾಡಿದ ಮಾರ್ಪಾಡುಗಳು) ಪಿಸಿಗೆ ಇವೆ, ಅವನ್ನು ಹಾಕುವುದಾದರೂ ಈ ಪ್ರತಿ ಮೊದಲು. ಆ ಸೇವ್‌ಗೆ ಹಿಂತಿರುಗಿ ನಾಲ್ಕು ಕಥಾ ಡಿಎಲ್‌ಸಿಗಳನ್ನು ಮುಗಿಸಿ, ಏಕೆಂದರೆ ಡ್ಯಾಮ್ ಯುದ್ಧದ ನಂತರ ಅವುಗಳಿಗೆ ಜಾಗವಿಲ್ಲ. ಒಂದೊಂದೂ ಲೆವೆಲ್ ಮಿತಿಯನ್ನು 5ರಂತೆ ಏರಿಸುತ್ತದೆ, 30 ಇದ್ದದ್ದು 50 ಆಗುತ್ತದೆ. ಅವುಗಳಲ್ಲಿ ಒಂದಾದ ಡೆಡ್ ಮನಿ ಶುರುವಾದಾಗ ನಿಮ್ಮ ಆಯುಧಗಳನ್ನೆಲ್ಲ ಕಿತ್ತುಕೊಳ್ಳುತ್ತದೆ, ಮುಗಿಸಿ ಹೊರಬಂದ ಮೇಲೆ ಅದು ನಡೆಯುವ ಸಿಯೆರಾ ಮಾಡ್ರೆಗೆ ಮತ್ತೆ ಹೋಗಲಾಗದು. ಅಲ್ಲಿ ಬೇಕಾದದ್ದನ್ನೆಲ್ಲ ಹೊತ್ತುಕೊಂಡೇ ಬನ್ನಿ. ಲೋನ್‌ಸಮ್ ರೋಡ್ ಕೊನೆಗೆ ಇಟ್ಟುಕೊಳ್ಳಿ, ಉಳಿದ ಮೂರರ ಎಳೆಗಳು ಅಲ್ಲಿ ಸೇರುತ್ತವೆ.

ಸೈಬರ್‌ಪಂಕ್‌ನಲ್ಲಿ, ದಾಟಿದರೆ ಆಟ ಮುಗಿಯುವವರೆಗೆ ಹಿಂದಿರುಗಲಾಗದ ಗೆರೆ ಇರುವುದು ಎಂಬರ್ಸ್ ಎಂಬ ಜಾಗದಲ್ಲಿ ಹನಾಕೋ ಎಂಬಾಕೆಯನ್ನು ಭೇಟಿಯಾಗುವ ಕ್ವೆಸ್ಟ್‌ನಲ್ಲಿ. ಅದಕ್ಕೆ ಮುಂಚೆ ಪನಾಮ್ ಮತ್ತು ರೋಗ್ ಎಂಬ ಇಬ್ಬರು ಜೊತೆಗಾರರ ಸೈಡ್ ಕ್ವೆಸ್ಟ್‌ಗಳನ್ನು ಪೂರ್ತಿ ಮಾಡಿರದಿದ್ದರೆ ಅವರ ಎಂಡಿಂಗ್ ಆಯ್ಕೆಗೇ ಬರುವುದಿಲ್ಲ. ವಿಚರ್ 3ರಲ್ಲಿ ಮೋಸ ಹೋಗುವುದು ಸುಲಭ, ಯಾಕೆಂದರೆ ಕಥೆ ಮುಗಿದ ಮೇಲೂ ನಾಯಕ ಗೆರಾಲ್ಟ್ ಓಡಾಡಬಹುದು, ಗೆರೆ ಮಾತ್ರ ಅದಕ್ಕಿಂತ ಬಹಳ ಮೊದಲೇ ಇದೆ: ಐಲ್ ಆಫ್ ಮಿಸ್ಟ್ಸ್ ಎಂಬ ದ್ವೀಪಕ್ಕೆ ಹೊರಟ ಕೂಡಲೇ ಬಾಕಿ ಉಳಿದ ಹಲವು ಮುಖ್ಯ ಸೈಡ್ ಕ್ವೆಸ್ಟ್‌ಗಳು ವಿಫಲ ಎಂದು ದಾಖಲಾಗುತ್ತವೆ. ಎಲ್ಡನ್ ರಿಂಗ್‌ನಲ್ಲಿ ಮಲಿಕೆತ್ ಎಂಬ ಶತ್ರು ಸತ್ತರೆ ರಾಜಧಾನಿ ಲೇನ್‌ಡೆಲ್ ಬೂದಿಯಲ್ಲಿ ಹೂತುಹೋಗುತ್ತದೆ, ಅಲ್ಲಿನ ವಸ್ತುಗಳನ್ನು ಅದಕ್ಕೆ ಮುಂಚೆಯೇ ಆರಿಸಿಕೊಳ್ಳಬೇಕು. ಎಂಡಿಂಗ್ ನಂತರ ‘ನ್ಯೂ ಗೇಮ್ ಪ್ಲಸ್ ಶುರು ಮಾಡಲೇ’ (ಗಳಿಸಿದ ಬಲದೊಂದಿಗೆ ಮತ್ತೆ ಮೊದಲಿನಿಂದ ಆಡುವ ಸುತ್ತು) ಎಂದು ಕೇಳಿದರೆ ಸದ್ಯಕ್ಕೆ ಬೇಡ ಎನ್ನಿ. ಶ್ಯಾಡೋ ಆಫ್ ದ ಎರ್ಡ್‌ಟ್ರೀ ಡಿಎಲ್‌ಸಿಗೆ ಹೋಗಲು ರಡಾನ್ ಮತ್ತು ಮೋಗ್ ಎಂಬ ಶತ್ರುಗಳಿಬ್ಬರೂ ಸತ್ತಿರಬೇಕು, ಹೊಸ ಸುತ್ತಿಗೆ ಹೋದರೆ ಅವರಿಬ್ಬರನ್ನೂ, ಈಗ ಇನ್ನೂ ಬಲಿತವರನ್ನು, ಮತ್ತೆ ಸೋಲಿಸಬೇಕು. 2011ರ ಡಾರ್ಕ್ ಸೋಲ್ಸ್ ಕೇಳುವುದೂ ಇಲ್ಲ, ಎಂಡಿಂಗ್ ಮುಗಿದರೆ ನೇರ ಹೊಸ ಸುತ್ತು. ಪರ್ಸೋನಾ 5 ರಾಯಲ್‌ನಲ್ಲಿ ಕ್ಯಾಲೆಂಡರ್ ಓಡುತ್ತಿರುತ್ತದೆ. ನವೆಂಬರ್ 18ರೊಳಗೆ ಮರುಕಿ ಎಂಬ ಪಾತ್ರದ ಜೊತೆ ಸ್ನೇಹದ 9ನೇ ರ‍್ಯಾಂಕ್ ತಲುಪದಿದ್ದರೆ ಮೂರನೇ ಸೆಮಿಸ್ಟರ್ ಎಂಬ ಕೊನೆಯ ಭಾಗವೇ ತೆರೆಯುವುದಿಲ್ಲ, ಆ ದಿನಕ್ಕಿಂತ ಹಿಂದಕ್ಕೆ ಹೋಗಲು ಹಳೆಯ ಸೇವ್ ಒಂದೇ ದಾರಿ.

ವಿಚರ್ 3ರ ಬ್ಲಡ್ ಅಂಡ್ ವೈನ್ (2016) ಎಂಬ ಡಿಎಲ್‌ಸಿ ಬಗ್ಗೆ ಒಂದು ಮಾತು. ಅದರ ಕೊನೆಗೆ ಗೆರಾಲ್ಟ್ ತನ್ನ ದ್ರಾಕ್ಷಿ ತೋಟ ಕೊರ್ವೊ ಬಿಯಾಂಕೊಗೆ ಮರಳುತ್ತಾನೆ. ಮನೆಗೆ ಯಾರೋ ಬಂದಿದ್ದಾರೆ. ಯಾರು ಎನ್ನುವುದು ಮೂಲ ಆಟದಲ್ಲಿ ನೀವು ಹತ್ತಾರು ಗಂಟೆ ಹಿಂದೆ ಮಾಡಿದ ಆಯ್ಕೆಗಳ ಮೇಲೆ ನಿಂತಿದೆ: ಯೆನ್ನಫರ್, ಟ್ರಿಸ್, ಸಿರಿ, ಯಾರೂ ಇಲ್ಲದಿದ್ದರೆ ಹಳೆಯ ಗೆಳೆಯ ಡ್ಯಾಂಡಿಲಿಯನ್. ಒಂದು ಮನೆ, ಒಬ್ಬ ಅತಿಥಿ, ಕೆಲವು ನಿಮಿಷದ ಮಾತು. ಸ್ಕೈರಿಮ್‌ನ ಕೊನೆಯಿಲ್ಲದ ಬೌಂಟಿಗಳನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟು ಇದನ್ನು ಇನ್ನೊಂದರಲ್ಲಿಟ್ಟರೆ ನಾನು ಇದನ್ನೇ ಆರಿಸುತ್ತೇನೆ. ನ್ಯೂ ವೇಗಸ್‌ನಲ್ಲಿ ನಿಮಗೆ ಬೇಕಿದ್ದದ್ದೂ ಬಹುಶಃ ಇಂಥದ್ದೇ, ಯುದ್ಧದ ಮಾರನೆಯ ದಿನ ಗುಡ್‌ಸ್ಪ್ರಿಂಗ್ಸ್‌ನ ಸಲೂನ್‌ಗೆ ಹೋಗಿ ಕೂರುವ ಒಂದು ದೃಶ್ಯ. ಅಷ್ಟನ್ನು ಅವರು ಕೊಡಬಹುದಿತ್ತು ಎಂದು ನೀವು ಹೇಳಿದರೆ, ಅದನ್ನು ನಾನೂ ಒಪ್ಪುತ್ತೇನೆ.