ಓದುಗರ ಪ್ರಶ್ನೆ: ಪೆಸಿಫಿಕ್ ದ್ವೀಪಗಳ ದೇವರು, ಹಿರಿಯರು, ಮಾಟ

ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದದ್ದು ವನುವಾಟು ಮತ್ತು ಸಾಲೊಮನ್ ದ್ವೀಪಗಳ ಬಗ್ಗೆ. ಆಸ್ಟ್ರೇಲಿಯಾದ ಈಶಾನ್ಯಕ್ಕೆ ಪೆಸಿಫಿಕ್ ಸಾಗರದಲ್ಲಿ ಚದುರಿರುವ ಎರಡು ಪುಟ್ಟ ದೇಶಗಳು. ಅಲ್ಲಿಗೆ ಹೋಗಿಬಂದವರು ಬರೆದದ್ದನ್ನು ಓದಿ ಕೇಳಿದ್ದೀರಿ.

ಅಕ್ಕಾರೆ, ಅಲ್ಲೊಂದು ದ್ವೀಪದ ಜನ ಇಂಗ್ಲೆಂಡ್ ರಾಣಿಯ ಗಂಡನನ್ನೇ ದೇವರು ಮಾಡಿಕೊಂಡಿದ್ದಾರಂತೆ. ಅಮೆರಿಕದ ಸಾಮಾನು ಬರಲಿ ಅಂತ ಬಿದಿರಿನ ಬಂದೂಕು ಹಿಡಿದು ಕವಾಯತು ಮಾಡ್ತಾರಂತೆ. ಇದು ಖರೇನಾ, ಇಲ್ಲಾ ಬರೆದವರು ಉಪ್ಪುಖಾರ ಹಚ್ಚಿದ್ದಾ?
(ಜಮಖಂಡಿಯ ಓದುಗರು)

ಖರೇನೇ. ಆದರೆ ಬರೆಯುವವರು ಅರ್ಧ ಹೇಳಿ ನಗಿಸಿ ಬಿಟ್ಟುಬಿಡುತ್ತಾರೆ.

ನೀವು ಓದಿದ್ದು ವನುವಾಟುವಿನ ತನ್ನಾ ದ್ವೀಪದ ಸುದ್ದಿ. ಯಾಸುರ್ ಎಂಬ ಜ್ವಾಲಾಮುಖಿ ಇರುವ ದ್ವೀಪ ಅದು. 1906ರಿಂದ 1980ರವರೆಗೆ ಈ ದೇಶವನ್ನು ಬ್ರಿಟನ್ ಮತ್ತು ಫ್ರಾನ್ಸ್ ಎರಡೂ ಸೇರಿ ಆಳಿದವು. ತನ್ನಾದಲ್ಲಿ ಮಾತ್ರ ನಿಜವಾದ ದರಬಾರು ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಪಂಗಡದ ಮಿಷನ್ನಿನದು. ಕುಣಿಯಬೇಡಿ, ಕಾವಾ ಕುಡಿಯಬೇಡಿ, ಹಳೆಯ ಪದ್ಧತಿ ಬಿಡಿ ಎಂದರು. ಕಾವಾ ಅಂದರೆ ಒಂದು ಗಿಡದ ಬೇರನ್ನು ಅರೆದು ಮಾಡುವ ಪಾನೀಯ, ಸಂಜೆ ಗಂಡಸರು ಕುಡಿದು ತೀರಿಹೋದ ಹಿರಿಯರ ಜೊತೆ ಮಾತಾಡುವುದು ಅದರ ಮೂಲಕವೇ. ಅದನ್ನೇ ನಿಲ್ಲಿಸಿದರೆ? 1940ರ ಹೊತ್ತಿಗೆ ಜಾನ್ ಫ್ರಮ್ ಎಂಬೊಬ್ಬ ಕಾಣಿಸಿಕೊಂಡ, ಚರ್ಚ್ ಬಿಡಿ, ಬಿಳಿಯರ ದುಡ್ಡು ಎಸೆಯಿರಿ, ನಿಮ್ಮ ಪದ್ಧತಿಗೆ ಮರಳಿ ಎಂದ ಅಂತ ಸುದ್ದಿ ಹಬ್ಬಿತು. ಅವನು ಮನುಷ್ಯನೋ ಆತ್ಮವೋ, ಅವರವರೇ ಒಂದೊಂದು ಹೇಳುತ್ತಾರೆ. ಚರ್ಚುಗಳು ಖಾಲಿಯಾದವು, ಸರ್ಕಾರ ಮುಖಂಡರನ್ನು ಹಿಡಿದು ಜೈಲಿಗೆ ಹಾಕಿತು.

1942ರಲ್ಲಿ ಜಪಾನ್ ವಿರುದ್ಧ ಯುದ್ಧಕ್ಕೆ ಅಮೆರಿಕದ ಸೇನೆ ಬಂತು. ತನ್ನಾದ ಗಂಡಸರು ಅವರ ಕೈಕೆಳಗೆ ಕೂಲಿಗೆ ಹೋದರು. ಡಬ್ಬಿ ಊಟ, ಟ್ರಕ್ಕು, ವಿಮಾನ ಎಲ್ಲ ನೋಡಿದರು. ಅದಕ್ಕಿಂತ ಹೆಚ್ಚಾಗಿ, ತಮ್ಮಂತೆಯೇ ಕಪ್ಪು ಬಣ್ಣದ ಸೈನಿಕರು ಸಮವಸ್ತ್ರ ಹಾಕಿಕೊಂಡು ಓಡಾಡುವುದನ್ನು ನೋಡಿದರು. ಜಾನ್ ಫ್ರಮ್ ಹೇಳಿದ್ದ ಸಹಾಯ ಇದೇ ಅಂದುಕೊಂಡರು. ಇವತ್ತಿಗೂ ಫೆಬ್ರುವರಿ 15ಕ್ಕೆ ಎದೆ ಮೇಲೆ 'ಯುಎಸ್ಎ' ಅಂತ ಬರೆದುಕೊಂಡು ಕವಾಯತು ಮಾಡುತ್ತಾರೆ. ಪ್ರವಾಸಿಗರು ಇದನ್ನು ಫ್ರಿಜ್ಜು, ರೇಡಿಯೋ ಆಸೆಗೆ ಮಾಡುವ ಪೂಜೆ ಅಂತ ಬರೆಯುತ್ತಾರೆ. ನನಗೆ ಇದು ಆಳುವವರಿಗೆ ಬೆನ್ನು ತಿರುಗಿಸಿದ ಜನರ ಚಳವಳಿಯಾಗಿ ಕಾಣುತ್ತದೆ.

ಪ್ರಿನ್ಸ್ ಫಿಲಿಪ್ ಕಥೆ ಅದೇ ದ್ವೀಪದ ಬೇರೆ ಊರಿನದು. ಬೆಟ್ಟದ ದೈವದ ಮಗನೊಬ್ಬ ಸಮುದ್ರ ದಾಟಿ ಹೋಗಿ ದೊಡ್ಡ ಅಧಿಕಾರದ ಹೆಂಗಸನ್ನು ಮದುವೆಯಾಗಿದ್ದಾನೆ ಎಂಬ ನಂಬಿಕೆ ಅವರದು. ಹಾಗೆ ನೋಡಿದರೆ ಫಿಲಿಪ್ ಅವರಿಗೆ ಪರಕೀಯನಲ್ಲ, ದೂರ ಹೋದ ಮನೆ ಮಗ. 2021ರಲ್ಲಿ ಆತ ತೀರಿಕೊಂಡಾಗ ಊರಿನವರು ಸೂತಕ ಆಚರಿಸಿದರು.

ನಮ್ಮ ಕಡೆ ಹೆಳವರು ಎತ್ತು ಹೊಡೆದುಕೊಂಡು ಬಂದು ಮನೆತನದ ಹೆಸರೆಲ್ಲ ಒದರಿ ಕಾಳುಕಡಿ ಇಸಕೊಂಡು ಹೋಗ್ತಿದ್ದರು. ಅಲ್ಲೂ ವಂಶಾವಳಿ ಹೇಳೋರು ಇದ್ದಾರಾ?
(ಮುಧೋಳದ ರೈತರು)

ಒಳ್ಳೆ ಪ್ರಶ್ನೆ ಕೇಳಿದಿರಿ ಅಣ್ಣಾರೆ. ಹೊರಗಿನಿಂದ ಬರುವ ಹೆಳವರ ಬದಲು ಅಲ್ಲಿ ಆಯಾ ಕುಲದ ಹಿರಿಯರೇ ಆ ಕೆಲಸ ಮಾಡುತ್ತಾರೆ. ಕಾಳಿಗಾಗಿ ಅಲ್ಲ, ಹೊಲಕ್ಕಾಗಿ. ಸಾಲೊಮನ್ ದ್ವೀಪಗಳಲ್ಲಿ ಬಹುಪಾಲು ಜಮೀನು ಕುಲದ ಹೆಸರಿನಲ್ಲೇ ಇದೆ, ನಮ್ಮ ಉತಾರದಂಥ ಕಾಗದ ಅದಕ್ಕಿಲ್ಲ. ತಂಟೆ ಬಂದರೆ ಯಾರು ಯಾರಿಗೆ ಹುಟ್ಟಿದರು, ಮೊದಲು ಕಾಡು ಕಡಿದವರು ಯಾರು, ಅವರ ಸಮಾಧಿ ಎಲ್ಲಿದೆ, ಅವರಿಗೆ ಹಂದಿ ಬಲಿ ಕೊಡುತ್ತಿದ್ದ ಕಟ್ಟೆ ಎಲ್ಲಿದೆ ಎಂದು ಹೇಳಿ ತೋರಿಸಬೇಕು. ಮಲೈತಾ ದ್ವೀಪದಲ್ಲಿ ಹೆಚ್ಚಾಗಿ ತಂದೆಯ ಕಡೆಯಿಂದ ಎಣಿಸಿದರೆ, ಗ್ವಾಡಲ್‌ಕನಾಲ್‌ನಲ್ಲಿ ಬಹುತೇಕ ತಾಯಿಯ ಕಡೆಯಿಂದ.

ಪಶ್ಚಿಮದ ಮುಂಡಾ ಊರಿನ ಹತ್ತಿರ ಬುರುಡೆ ದ್ವೀಪ ಅಂತಲೇ ಒಂದಿದೆ. ಹಳೆಯ ನಾಯಕರ ತಲೆಬುರುಡೆ, ದಪ್ಪ ಚಿಪ್ಪು ಕೊರೆದು ಮಾಡಿದ ಉಂಗುರದಂಥ ಹಣ, ಎರಡೂ ಕಲ್ಲುಗಳ ನಡುವೆ ಇವೆ. ಪ್ರವಾಸಿಗರು ದೋಣಿಯಲ್ಲಿ ಹೋಗಿ ಫೋಟೋ ತೆಗೆದು 'ತಲೆ ಕಡಿಯುವವರ ನಾಡು' ಅಂತ ಶೀರ್ಷಿಕೆ ಹಾಕುತ್ತಾರೆ, ಆ ಬುರುಡೆಗಳು ಒಂದು ಮನೆತನದ ಹಕ್ಕಿನ ಸಾಕ್ಷಿ ಅನ್ನುವುದು ಅವರ ಬರಹದಲ್ಲಿ ಬರುವುದೇ ಅಪರೂಪ.

ವನುವಾಟು 1980ರಲ್ಲಿ ಸ್ವತಂತ್ರವಾದಾಗ ದೇಶದ ಎಲ್ಲ ಭೂಮಿಯೂ ಸಂಪ್ರದಾಯದ ಮೂಲ ಒಡೆಯರು ಮತ್ತು ಅವರ ವಂಶದವರದ್ದು ಎಂದು ಸಂವಿಧಾನದಲ್ಲೇ ಬರೆದುಕೊಂಡಿತು. ಹೊರಗಿನವರು ಲೀಸ್‌ಗೆ ಹಿಡಿಯಬಹುದು, ಕೊಳ್ಳುವ ಹಾಗಿಲ್ಲ. ಮಣ್ಣನ್ನು ಹೀಗೆ ಹಿರಿಯರಿಗೆ ಕಟ್ಟುವುದಕ್ಕೆ ಕಹಿ ಮುಖವೂ ಇದೆ. ಸಾಲೊಮನ್ ದ್ವೀಪಗಳದ್ದೇ ನೋಡಿ. ಗ್ವಾಡಲ್‌ಕನಾಲ್‌ಗೆ ಮಲೈತಾದವರು ಬಂದು ನೆಲೆಸಿದ ಸಿಟ್ಟು 1998ರಿಂದ 2003ರವರೆಗೆ ಬಂದೂಕಿನ ಜಗಳವೇ ಆಯಿತು. ಅದರ ಹಿಂದೆ ಕೆಲಸ, ದುಡ್ಡು, ರಾಜಕೀಯ ಇತ್ತು, ಮಣ್ಣು ಯಾರ ಹಿರಿಯರದ್ದು ಅನ್ನುವುದೂ ಇತ್ತು.

ಅಲ್ಲಿ ಮಾಟ ಮಂತ್ರ ಇನ್ನೂ ನಡೆಯುತ್ತದೆ ಅಂತ ಓದಿದೆ. ಅದನ್ನು ಸಂಸ್ಕೃತಿ ಅಂತ ಗೌರವಿಸಬೇಕಾ ಅಕ್ಕಾ?
(ಪದವಿ ವಿದ್ಯಾರ್ಥಿನಿ, ವಿಜಯಪುರ)

ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡ ತಂಗಿ. ಗೆಣಸು ಚೆನ್ನಾಗಿ ಬರಲಿ ಅಂತ ಮಂತ್ರ ಹೇಳಿ ನಾಟಿ ಮಾಡಿದರೆ ಯಾರಿಗೇನು ನಷ್ಟ? ವನುವಾಟುವಿನಲ್ಲಿ ಅಂಬ್ರಿಮ್ ದ್ವೀಪದ ಮಾಟಕ್ಕೆ ದೊಡ್ಡ ಹೆಸರು, ಅಲ್ಲಿಗೆ ಹೋದವರು ಅದನ್ನು ಸ್ವಲ್ಪ ಖುಷಿಯಿಂದಲೇ ಬರೆಯುತ್ತಾರೆ. ಆದರೆ ಪಕ್ಕದ ಪಪುವಾ ನ್ಯೂಗಿನಿಯಲ್ಲಿ ಮಾಟ ಮಾಡಿದಳು ಅಂತ ಹೇಳಿ ಹೆಂಗಸರನ್ನು ಹಿಂಸಿಸಿ ಕೊಂದಿದ್ದಾರೆ. ಅಲ್ಲಿ 1971ರ ಒಂದು ಕಾನೂನು ಮಾಟವನ್ನೇ ಅಪರಾಧ ಅಂದಿತ್ತು, ಅಂದರೆ ಮಾಟ ನಿಜವಾಗಿ ಇದೆ ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು, ಅಲ್ವಾ? 2013ರಲ್ಲಿ ಅದನ್ನು ರದ್ದು ಮಾಡಿದರು. ನಮ್ಮ ಕರ್ನಾಟಕದ 2017ರ ಕಾಯ್ದೆ ಅಮಾನವೀಯ ಆಚರಣೆಗಳನ್ನು ಹೆಸರಿಸಿ ತಡೆಯುತ್ತದೆ, ಅದು ಸರಿಯಾದ ದಾರಿ. ಆರೋಪ ಹೊತ್ತ ಹೆಂಗಸನ್ನು ಪಕ್ಕಕ್ಕಿಟ್ಟು ಸಂಸ್ಕೃತಿಯ ಗೌರವ ಮಾತಾಡುವುದು ನನಗೆ ಒಪ್ಪಿಗೆಯಿಲ್ಲ.

ಅವರೆಲ್ಲ ಕ್ರೈಸ್ತರು ಅಂತಾರೆ, ಮತ್ತೆ ಹಿರಿಯರ ಪೂಜೆ ಹೇಗೆ?
(ಅಥಣಿ)

ಎರಡೂ ನಡೆಯುತ್ತವೆ. ವನುವಾಟುವಿನ ಎರೊಮಾಂಗೊ ದ್ವೀಪದ್ದೇ ನೋಡಿ. ಅಲ್ಲಿ ಗಂಧದ ಮರ ಬೆಳೆಯುತ್ತದೆ. ಅದಕ್ಕಾಗಿ ಬಂದ ವ್ಯಾಪಾರಿಗಳು ಊರವರನ್ನು ಹೊಡೆದು ಕೊಂದರು. ಅದಾದಮೇಲೆ 1839ರಲ್ಲಿ ಇಳಿದ ಮಿಷನರಿ ಜಾನ್ ವಿಲಿಯಮ್ಸ್‌ನನ್ನು ಊರವರು ಕೊಂದರು. ಮುಂದೆ ಅವರೂ ಕ್ರೈಸ್ತರಾದರು, ಆ ಕೊಲೆಯ ಶಾಪ ತಮ್ಮ ಮೇಲಿದೆ ಎಂಬ ಭಯ ಮಾತ್ರ ಹೋಗಲಿಲ್ಲ. ಕೊನೆಗೆ 2009ರಲ್ಲಿ ವಿಲಿಯಮ್ಸ್ ವಂಶದವರನ್ನು ಇಂಗ್ಲೆಂಡಿನಿಂದ ಕರೆಸಿ ಕ್ಷಮೆ ಕೇಳಿದರು. ಪ್ರಾರ್ಥನೆಯೂ ಆಯಿತು, ಹಳೆಯ ಪದ್ಧತಿಯ ರಾಜಿಯೂ ಆಯಿತು.

ಹೋಗಬೇಕಂದ್ರೆ ಯಾವಾಗ ಹೋಗೋದು?
(ಬೆಳಗಾವಿ, ಟಿಳಕವಾಡಿ)

ವನುವಾಟುವಿನ ಪೆಂಟೆಕೋಸ್ಟ್ ದ್ವೀಪದಲ್ಲಿ ಗಂಡಸರು ಕಾಲಿಗೆ ಬಳ್ಳಿ ಕಟ್ಟಿಕೊಂಡು ಎತ್ತರದ ಮರದ ಅಟ್ಟಣಿಗೆಯಿಂದ ಧುಮುಕುವುದನ್ನು ನೋಡಬೇಕಿದ್ದರೆ ಏಪ್ರಿಲ್‌ನಿಂದ ಜೂನ್. ಹೆಗ್ಗೆಣಸಿನ (ಯಾಮ್) ಸುಗ್ಗಿಯ ಹೊತ್ತು ಅದು, ಬಳ್ಳಿಗೂ ಆಗಲೇ ಸರಿಯಾದ ಹಸಿತನ. 1974ರಲ್ಲಿ ರಾಣಿ ಬರುತ್ತಾಳೆಂದು ಫೆಬ್ರುವರಿಯಲ್ಲೇ ಧುಮುಕಿಸಿದರು, ಬಳ್ಳಿ ಕಡಿದು ಒಬ್ಬ ಸತ್ತ. ನಿಮ್ಮ ರಜೆಗೆ ಹೊಂದಿಸಿ ಅಂತ ಯಾರನ್ನೂ ಕೇಳಬೇಡಿ. ಬೆಂಗಳೂರು ಅಥವಾ ಮುಂಬೈಗೆ ಹೋಗಿ, ಆಸ್ಟ್ರೇಲಿಯಾ ಇಲ್ಲವೇ ಫಿಜಿ ಮೇಲೆ ವನುವಾಟುವಿನ ರಾಜಧಾನಿ ಪೋರ್ಟ್ ವಿಲಾ ತಲುಪಬೇಕು, ಅಲ್ಲಿಂದ ಸಣ್ಣ ವಿಮಾನ. ಊರಿಗೆ ಹೋದಮೇಲೆ ಮುಖ್ಯಸ್ಥರನ್ನು ಕಂಡು, ಅವರು ಹೇಳಿದ ಫೀ ಕೊಟ್ಟು, ಯಾವ ಜಾಗಕ್ಕೆ ಕಾಲಿಡಬಾರದು ಅಂತ ಮೊದಲೇ ಕೇಳಿಕೊಳ್ಳಿ. ತನ್ನಾದಲ್ಲಿ ಸಂಜೆ ಕಾವಾ ಕುಡಿಯುವ ಜಾಗಕ್ಕೆ ಹೆಂಗಸರನ್ನು ಬಿಡುವುದಿಲ್ಲ, ಮನೆಯವರನ್ನು ಕರೆದುಕೊಂಡು ಹೋಗುವುದಾದರೆ ಇದು ಗೊತ್ತಿರಲಿ.