ಸಾಗಣೆ ವಿಮಾನ ಮೂಲೆಗುಂಪಾಗಿದ್ದರೆ ಬೆಲೆ ಇಳಿಸಬೇಡಿ

ಪ್ರಶ್ನೆ: ನಮ್ಮ ರಿಯಲ್ ಟೈಮ್ ಸ್ಟ್ರಾಟಜಿ ಗೇಮ್‌ನಲ್ಲಿ (ಸರದಿ ಕಾಯದೆ ಎಲ್ಲರೂ ಏಕಕಾಲಕ್ಕೆ ಸೈನ್ಯ ನಡೆಸುವ ಆಟ) ಸಾಗಣೆ ವಿಮಾನವಿದೆ, ಆದರೆ ಯಾರೂ ಬಳಸುತ್ತಿಲ್ಲ. ಎಲ್ಲರೂ ಸೈನ್ಯವನ್ನು ನಡೆಸಿಕೊಂಡೇ ಹೋಗುತ್ತಾರೆ. ವೇಗ ಹೆಚ್ಚಿಸೋಣವೇ, ಬೆಲೆ ಇಳಿಸೋಣವೇ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಎರಡನ್ನೂ ಮುಟ್ಟಬೇಡಿ. ಮೊದಲು ಗಡಿಯಾರ ಹಿಡಿದು ಕೂರಿ.

ನಡೆದರೆ 60 ಸೆಕೆಂಡಿನ ದಾರಿಯನ್ನು ವಿಮಾನ 25 ಸೆಕೆಂಡಿನಲ್ಲಿ ದಾಟುತ್ತದೆ ಎನ್ನಿ. ಎಂಟು ಸೈನಿಕರು ಹತ್ತಲು 8 ಸೆಕೆಂಡು, ಇಳಿಯಲು 8. ಒಟ್ಟು 41. ಲಾಭವೇನೋ ಇದೆ. ಆದರೆ ಸೈನಿಕರು 24 ಮಂದಿ, ವಿಮಾನ ಒಂದೇ ಆದರೆ ಮೂರು ಸುತ್ತು, ನಡುವೆ ಎರಡು ಸಲ ಖಾಲಿ ವಾಪಸ್: 173 ಸೆಕೆಂಡು. ನಡೆದು ಹೋದವರು ಅಷ್ಟರಲ್ಲಿ ಯುದ್ಧವನ್ನೇ ಮುಗಿಸಿರುತ್ತಾರೆ. ಜೊತೆಗೆ ಪ್ರತಿ ಸುತ್ತಿಗೂ ಆರಿಸು, ಹತ್ತಿಸು, ಕಾಯಿ, ಹಾರಿಸು, ಇಳಿಸು, ವಾಪಸ್ ಕರೆ. ಆ ಹೊತ್ತಿನಲ್ಲಿ ಆಟಗಾರನ ಕಣ್ಣು ತನ್ನ ನೆಲೆಯ ಮೇಲಿರುವುದಿಲ್ಲ. ನಿಮ್ಮ ವಿಮಾನದ ನಿಜವಾದ ಬೆಲೆ ಅದು. ಚಿನ್ನದಲ್ಲಿ ಎಷ್ಟು ಇಳಿಸಿದರೂ ಅದು ಇಳಿಯದು.

ಇಲ್ಲಿ ಎರಡು ಬಗೆಯ ಮೈಕ್ರೋ, ಅಂದರೆ ಒಂದೊಂದು ಸೈನಿಕ, ವಾಹನವನ್ನೂ ಕೈಯಾರೆ ನಡೆಸುವ ಕೆಲಸ, ಬೆರೆತಿದೆ. ಒಂದು ಕೂಲಿ, ಇನ್ನೊಂದು ನಿರ್ಧಾರ. ಕೂಲಿಯನ್ನು ಯಂತ್ರಕ್ಕೆ ಕೊಡಿ. 1992ರಲ್ಲೇ ಡ್ಯೂನ್ 2 ಆಟದ ಕ್ಯಾರಿಆಲ್ ಎಂಬ ಸಾಗಣೆ ವಿಮಾನ ಯಾರೂ ಹೇಳದೆ ಹಾರ್ವೆಸ್ಟರ್‌ಗಳನ್ನು (ಸಂಪತ್ತು ಕೊಯ್ಯುವ ವಾಹನಗಳನ್ನು) ಎತ್ತಿ ತರುತ್ತಿತ್ತು. ರೈಸ್ ಆಫ್ ನೇಷನ್ಸ್ (2003) ಆಟದಲ್ಲಿ ಕಾಲಾಳುಗಳು ನೀರಿಗಿಳಿದರೆ ತಾವೇ ದೋಣಿಯಾಗುತ್ತಾರೆ. ಸುಪ್ರೀಂ ಕಮಾಂಡರ್ (2007) ಇನ್ನೂ ಮುಂದೆ ಹೋಯಿತು: ಎರಡು ಬಿಂದುಗಳ ನಡುವೆ ಫೆರಿ ಮಾರ್ಗ ಹಾಕಿಬಿಟ್ಟರೆ ವಿಮಾನಗಳು ತಾವಾಗಿ ಹೋಗಿ ಬರುತ್ತಿರುತ್ತವೆ. ನಿಮಗೆ ಬೇಕಿರುವುದು ಇದೇ.

ನಿರ್ಧಾರವನ್ನು ಮಾತ್ರ ಕಸಿಯಬೇಡಿ. ಸ್ಟಾರ್‌ಕ್ರಾಫ್ಟ್‌ನಲ್ಲಿ (1998) ಷಟಲ್ ಎಂಬ ಸಾಗಣೆ ನೌಕೆ ರೀವರ್ ಎಂಬ ನಿಧಾನ ನಡೆಯ, ಭಾರಿ ಏಟಿನ ಯಂತ್ರವನ್ನು ಇಳಿಸುತ್ತದೆ, ರೀವರ್ ಒಂದು ಏಟು ಹೊಡೆಯುತ್ತದೆ, ಮರುಗುಂಡು ತಗಲುವ ಮೊದಲೇ ಷಟಲ್ ಮತ್ತೆ ಎತ್ತಿಕೊಳ್ಳುತ್ತದೆ. ಅಲ್ಲಿನ ಒಂದೊಂದು ಕ್ಲಿಕ್ಕೂ ಎಲ್ಲಿ, ಯಾವಾಗ ಎಂಬ ಪ್ರಶ್ನೆಗೆ ಉತ್ತರ. ಅದನ್ನು ಯಂತ್ರ ಮಾಡತೊಡಗಿದರೆ ನೋಡಲು ಏನೂ ಉಳಿಯದು.

ಎದುರಾಳಿಯ ಪಾಲನ್ನೂ ಮರೆಯಬೇಡಿ. ಸ್ಟಾರ್‌ಕ್ರಾಫ್ಟ್ 2ರ ವಿಸ್ತರಣೆಯಾದ 2015ರ ಲೆಗಸಿ ಆಫ್ ದಿ ವಾಯ್ಡ್‌ನಲ್ಲಿ ಮೆಡಿವ್ಯಾಕ್ ಎಂಬ ಸಾಗಣೆ ವಿಮಾನಗಳು ಸೀಜ್ ಭಂಗಿಯಲ್ಲಿದ್ದ (ನೆಲಕ್ಕೆ ಊರಿ ದೂರಕ್ಕೆ ಹೊಡೆಯುವ) ಟ್ಯಾಂಕನ್ನು ಹಾಗೆಯೇ ಎತ್ತಬಹುದಿತ್ತು. ಊರಿದ ಟ್ಯಾಂಕ್ ಕದಲಲಾರದು ಎಂಬುದೇ ಎದುರಾಳಿಗಿದ್ದ ಅವಕಾಶ, ಅದು ಹೊರಟುಹೋಯಿತು. ಮರುವರ್ಷವೇ ಆ ಸೌಲಭ್ಯವನ್ನು ಹಿಂದಕ್ಕೆ ಪಡೆದರು.

ನಿಮಿಷಕ್ಕೆ ಮುನ್ನೂರು ಕ್ಲಿಕ್ ಮಾಡದವನು ಆಟಗಾರನೇ ಅಲ್ಲ ಎನ್ನುವ ಗುರುಗಳ ಮಾತು ಕೇಳಬೇಡಿ; ಅವರು ಬೆರಳಿನ ವೇಗವನ್ನು ಬುದ್ಧಿಯೆಂದು ಮಾರುತ್ತಿದ್ದಾರೆ. ಮೈಕ್ರೋ ಎಂದರೆ ರೋಗ, ಎಲ್ಲವನ್ನೂ ಎಐಗೆ ಬಿಡಿ ಎನ್ನುವವರದ್ದು ಅದಕ್ಕಿಂತ ಅಪಾಯದ ಮದ್ದು. ಗುಂಡು ತಾಗಿದ ಕೂಡಲೇ ವಿಮಾನ ತಾನಾಗಿ ಎಲ್ಲರನ್ನೂ ಇಳಿಸಿಬಿಡುವ ವ್ಯವಸ್ಥೆಯನ್ನು ನಾನೇ ಒಮ್ಮೆ ಮಾಡಿದ್ದೆ. ದಾರಿಯ ಒಂಟಿ ಗೋಪುರದ ಒಂದೇ ಗುಂಡಿಗೆ ಇಡೀ ತಂಡ ಶತ್ರುಗಳ ನಡುವೆ ಇಳಿದು ಸತ್ತಿತು. ಪರೀಕ್ಷೆಗೆ ಆಡುತ್ತಿದ್ದಾತ ಮಾತಾಡದೆ ಎದ್ದು ಹೋದ. ಅಂದಿನಿಂದ ಇಳಿಸುವ ಆಜ್ಞೆಯನ್ನು ನಾನು ಯಂತ್ರದ ಕೈಗೆ ಕೊಡುವಾಗ ಒಂದು ಷರತ್ತು ಹಾಕುತ್ತೇನೆ: ಜಾಗವನ್ನು ಆಟಗಾರನೇ ಗುರುತಿಸಿರಬೇಕು. ನೀವೂ ಹಾಗೇ ಮಾಡಿ.

ಪ್ರಶ್ನೆ: ವಾಹನ ನಾಶವಾದರೆ ಒಳಗಿದ್ದವರೂ ಸಾಯಬೇಕೇ?

ಉತ್ತರ: ಸಾಯಬೇಕು. ಇಲ್ಲದಿದ್ದರೆ ನೀವು ಕಟ್ಟಿದ್ದು ವಾಹನವಲ್ಲ, ಹಾರುವ ಕವಚ.

ಪ್ರಶ್ನೆ: ಸ್ಟಾರ್‌ಕ್ರಾಫ್ಟ್‌ನಂತೆ ಎಂಟು ಜಾಗ ಇಟ್ಟರೆ ಸಾಕೇ?

ಉತ್ತರ: ಅಲ್ಲಿ ಮರೀನ್ ಎಂಬ ಕಾಲಾಳಿಗೆ ಒಂದು ಜಾಗ, ಟ್ಯಾಂಕ್‌ಗೆ ನಾಲ್ಕು. ಆ ಅನುಪಾತ ಅವರ ಸೈನ್ಯಕ್ಕೆ ಹೊಲಿದ ಅಂಗಿ. ನಿಮ್ಮದನ್ನು ನೀವೇ ಅಳೆಯಿರಿ.

ಪ್ರಶ್ನೆ: ಒಳಗಿಂದಲೇ ಗುಂಡು ಹಾರಿಸಲು ಬಿಡಬಹುದೇ?

ಉತ್ತರ: ಬಿಟ್ಟರೆ ಯಾರೂ ಕೆಳಗಿಳಿಯುವುದಿಲ್ಲ. ಬಿಡಲೇಬೇಕಿದ್ದರೆ ಆ ವಾಹನಕ್ಕೆ ಟ್ಯಾಂಕಿನ ಬೆಲೆ ಕಟ್ಟಿ.

ಪ್ರಶ್ನೆ: ಇಳಿಸಿದ ಮೇಲೆ ಖಾಲಿ ವಾಹನ ಏನು ಮಾಡಬೇಕು?

ಉತ್ತರ: ಕೊನೆಗೂ ಒಂದು ಒಳ್ಳೆಯ ಪ್ರಶ್ನೆ! ಅದಕ್ಕೆ ಎರಡನೇ ಕೆಲಸ ಕೊಡಿ. ಮೆಡಿವ್ಯಾಕ್ ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತದೆ. ಕಂಪನಿ ಆಫ್ ಹೀರೋಸ್‌ನ (2006) ಹಾಫ್‌ಟ್ರ್ಯಾಕ್ ಎಂಬ ಸೈನಿಕ ಸಾಗಣೆ ವಾಹನ ಪಕ್ಕದಲ್ಲಿ ನಿಂತರೆ ಸೊರಗಿದ ತಂಡಕ್ಕೆ ರಣರಂಗದಲ್ಲೇ ಹೊಸ ಸೈನಿಕರು ಬಂದು ಸೇರುತ್ತಾರೆ, ಆದ್ದರಿಂದ ಎದುರಾಳಿ ಮೊದಲು ಹುಡುಕುವುದೂ ಅದನ್ನೇ.